ಮೇಷ್ಟ್ರನ್ನ ಕೇಳಿ: ನೀರು 97ಕ್ಕೇ ಕುದೀತು, ಮಾರ್ಕ್ಸ್ ಹೋಯ್ತು

ಮೂರನೇ ಕ್ಲಾಸಿಂದಾನೇ ಎಐ ಪಾಠ ಬರುತ್ತಂತೆ ಅನ್ನೋ ಸುದ್ದಿ ಬಂದಾಗಿಂದ ಈ ಕಾಲಂಗೆ ಬರೋ ಪತ್ರಗಳಲ್ಲಿ ಮುಕ್ಕಾಲು ಪಾಲು ವಿಜ್ಞಾನದ ಸಿಲಬಸ್ ಬಗ್ಗೇನೇ. ಎಲ್ಲಾ ಹಾಕೋಕೆ ಜಾಗ ಇಲ್ಲ, ಒಂದೇ ಥರದ್ದನ್ನ ಸೇರಿಸಿ ಒಂದು ಮಾಡಿದೀನಿ. ಹೆಸರು ಹಾಕ್ಬೇಡಿ ಅಂತ ಬಹಳ ಜನ ಕೇಳ್ಕೊಂಡಿದ್ರು, ಹಾಗಾಗಿ ಏರಿಯಾ ಮಾತ್ರ ಇದೆ.

ಪ್ರಶ್ನೆ: ಮೇಷ್ಟ್ರೇ, ನನ್ ಮಗಳು ಆರನೇ ಕ್ಲಾಸು. ಸ್ಕೂಲಲ್ಲಿ ಬೀಕರಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ಇಟ್ಟು ನೋಡಿದ್ರಂತೆ, 97ಕ್ಕೆ ಬಂದು ನಿಂತ್ಬಿಡ್ತಂತೆ, ಎಷ್ಟು ಕಾಯ್ಸಿದ್ರೂ ಮೇಲೆ ಹೋಗ್ಲೇ ಇಲ್ವಂತೆ. ಆಮೇಲೆ ಟೆಸ್ಟಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ ಅಂತ ಕೇಳಿದ್ದಕ್ಕೆ ಇವಳು 97 ಅಂತ ಬರೆದಿದಾಳೆ, ಮಿಸ್ಸು ರೆಡ್ ಇಂಕಲ್ಲಿ ಹೊಡೆದು ಹಾಕಿ 100 ಅಂತ ತಿದ್ದಿದಾರೆ. ಕೇಳಿದ್ರೆ ಥರ್ಮಾಮೀಟರ್ ಸರಿ ಇಲ್ಲ ಅಂದ್ರಂತೆ. ಒಂದು ಮಾರ್ಕ್ಸಿಗೆ ಸ್ಕೂಲಿಗೆ ಹೋಗಿ ಜಗಳ ಆಡೋಳಲ್ಲ ನಾನು, ಆದ್ರೆ ಮಗಳು "ಹಾಗಾದ್ರೆ ಕಾಯ್ಸಿ ನೋಡಿದ್ದಾದ್ರೂ ಯಾಕಮ್ಮಾ" ಅಂತಾಳೆ, ಏನ್ ಹೇಳ್ಲಿ?
— ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಮಗಳು ಬರೆದಿದ್ದು ಸರೀಗೇ ಇದೆ ತಾಯಿ. ಬೆಂಗಳೂರಲ್ಲಿ ನೀರು 97 ಡಿಗ್ರಿ ಆಸುಪಾಸಲ್ಲೇ ಕುದಿಯೋದು. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದಲ್ಲಿದೆ, ಇಲ್ಲಿ ಗಾಳಿ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಭಾಗದಷ್ಟು ಕಮ್ಮಿ. ಮೇಲಿಂದ ಒತ್ತೋದು ಕಮ್ಮಿ ಆದ್ರೆ ನೀರು ಬೇಗ ಕುದಿಯುತ್ತೆ, ಸುಮಾರು 300 ಮೀಟರ್ ಮೇಲೆ ಹೋದಂಗೆಲ್ಲ ಒಂದೊಂದು ಡಿಗ್ರಿ ಇಳಿಯುತ್ತೆ ಅಂತ ಇಟ್ಕೊಳಿ, ಲೆಕ್ಕ ಹಾಕಿದ್ರೆ ನಮಗೆ 97ಕ್ಕೇ ಬರುತ್ತೆ. ಮಡಿಕೇರೀಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಕುಕ್ಕರಲ್ಲಿ ನಾವು ಮಾಡೋದು ಇದರ ಉಲ್ಟಾ, ಮುಚ್ಚಳ ಬಿಗಿದು ಒತ್ತಡ ಏರಿಸಿ ನೀರನ್ನ 120ರ ಹತ್ರ ತಗೊಂಡು ಹೋಗ್ತೀವಿ, ಅದಕ್ಕೇ ಬೇಳೆ ಬೇಗ ಬೇಯೋದು. 100 ಅನ್ನೋದು ಸಮುದ್ರದ ಪಕ್ಕದ ಊರಿನ ಲೆಕ್ಕ. ಪ್ರಶ್ನೆಪತ್ರಿಕೇಲಿ "ಸಮುದ್ರ ಮಟ್ಟದಲ್ಲಿ" ಅನ್ನೋ ಎರಡು ಪದ ಸೇರ್ಸಿದ್ರೆ ಮುಗೀತು, ಸೇರ್ಸಲ್ಲ.

ಥರ್ಮಾಮೀಟರ್ ಸರಿ ಇಲ್ಲ ಅಂದ ಮಿಸ್ ಮಾತನ್ನೂ ತಳ್ಳಿ ಹಾಕೋಕಾಗಲ್ಲ, ಸ್ಕೂಲ್ ಥರ್ಮಾಮೀಟರ್‌ಗಳು ಒಂದು ಡಿಗ್ರಿ ಆಚೆ ಈಚೆ ತೋರ್ಸೋದು ಮಾಮೂಲಿ. ಅದನ್ನೂ ಚೆಕ್ ಮಾಡಬಹುದಲ್ವಾ? ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಅದ್ರಲ್ಲಿ ಐದು ನಿಮಿಷ ಬಿಡ್ಬೇಕು, 0ಗೆ ಬಂದ್ರೆ ಕೆಳಗಡೆ ಸರಿ ಇದೆ ಅಂತ. ಆಮೇಲೆ ಕುದಿಯೋ ನೀರಲ್ಲಿ ಇಡುವಾಗ ಬುರುಡೆ ಪಾತ್ರೆ ತಳಕ್ಕೆ ತಾಗಬಾರ್ದು, ತಾಗಿದ್ರೆ ಜಾಸ್ತಿ ತೋರಿಸುತ್ತೆ. ದೊಡ್ಡೋರು ಪಕ್ಕದಲ್ಲಿ ಇರಲಿ. (ಮನೇಲಿ ಮಾಡೋರಿಗೆ ಒಂದು ಮಾತು, ಜ್ವರ ನೋಡೋ ಥರ್ಮಾಮೀಟರ್ ಹಾಕ್ಬೇಡಿ, ಅದು 42ಕ್ಕೇ ಮುಗಿಯುತ್ತೆ, ಒಡೆದು ಹೋಗುತ್ತೆ. ಲ್ಯಾಬಿಂದು ಬೇಕು, 110 ಡಿಗ್ರಿ ತನಕ ಗೀಟು ಇರೋದು.)

ಮಿಸ್ ಮೇಲೆ ಕೋಪ ಬೇಡ. ಅವರ ಕೈಲಿ ಕೀ ಆನ್ಸರ್ ಅಂತ ಒಂದು ಹಾಳೆ ಇರುತ್ತೆ, ಅದ್ರಲ್ಲಿ 100 ಅಂತ ಇರುತ್ತೆ, ಅಷ್ಟು ಪೇಪರಲ್ಲಿ ಒಂದಕ್ಕೆ 97 ಅಂತ ಮಾರ್ಕ್ಸ್ ಕೊಟ್ರೆ ಮೇಲಿನೋರು ಕೇಳ್ತಾರೆ ಅನ್ನೋ ಭಯ. ಸಿಲಬಸ್ ಅಪ್‌ಡೇಟ್ ಆಗ್ಬೇಕು ಅಂತ ಎಲ್ರೂ ಪುಸ್ತಕದ ಕಡೆ ಬೊಟ್ಟು ಮಾಡ್ತಾರೆ, ನಾನು ಮೊದಲು ಆ ಕೀ ಆನ್ಸರ್ ಹಾಳೆ ಕಡೆ ತೋರಿಸ್ತೀನಿ. ಪುಸ್ತಕದಲ್ಲಿ "ಮಾಡಿ ನೋಡಿ" ಅಂತ ಎಷ್ಟು ಚಟುವಟಿಕೆ ಹಾಕಿದ್ರೂ, ಮಾಡಿ ನೋಡಿದ ಮಗೂಗೆ ಸೊನ್ನೆ ಗೈಡ್ ಬಾಯಿಪಾಠ ಮಾಡಿದ ಮಗೂಗೆ ಫುಲ್ ಮಾರ್ಕ್ಸು ಅಂದ್ರೆ ಮುಂದಿನ ಸಲ ಯಾವ ಮಗು ಥರ್ಮಾಮೀಟರ್ ಮುಟ್ಟುತ್ತೆ ಹೇಳಿ. ಪೇರೆಂಟ್ಸ್ ಮೀಟಿಂಗಲ್ಲಿ ಸಮಾಧಾನವಾಗಿ, ಇನ್ನೊಂದು ಸಲ ಐಸ್ ಟೆಸ್ಟ್ ಮಾಡಿ ನೋಡೋಣ್ವಾ ಮಿಸ್, ಮಕ್ಕಳಿಗೂ ಮಜಾ ಇರುತ್ತೆ ಅಂತ ಕೇಳಿ. ಹೆಚ್ಚಿನ ಮಿಸ್‌ಗಳು ಒಪ್ತಾರೆ, ಅವರಿಗೂ ಕುತೂಹಲ ಇದ್ದೇ ಇರುತ್ತೆ.

ಪ್ರಶ್ನೆ: ಸರ್, ಮೂರನೇ ಕ್ಲಾಸಿಂದ ಎಐ ಅಂತಿದಾರೆ, ಮಗ ಈಗ ಎರಡನೇ ಕ್ಲಾಸು. ನಮ್ ಅಪಾರ್ಟ್‌ಮೆಂಟಲ್ಲಿ ಒಬ್ರು ಬಂದು ಈಗ್ಲೇ ಕೋಡಿಂಗ್ ಕ್ಲಾಸಿಗೆ ಹಾಕಿಲ್ಲ ಅಂದ್ರೆ ಹಿಂದೆ ಬೀಳ್ತಾನೆ ಅಂದ್ರು. ಫೀಸ್ ಕೇಳಿ ತಲೆ ತಿರುಗ್ತು. ಹಾಕ್ಲಾ ಬೇಡ್ವಾ? ನಾನೇ ಸಾಫ್ಟ್‌ವೇರಲ್ಲಿ ಇರೋನು, ಆದ್ರೂ ಡೌಟು.
— ಒಬ್ಬ ತಂದೆ, ವೈಟ್‌ಫೀಲ್ಡ್

ಉತ್ತರ: ಬೇಡ. ನೀವು ಸಾಫ್ಟ್‌ವೇರಲ್ಲಿ ಇದ್ಕೊಂಡು ಕೇಳ್ತಿದೀರಲ್ಲ ಸರ್, ನೀವು ಎರಡನೇ ಕ್ಲಾಸಲ್ಲಿ ಕೋಡಿಂಗ್ ಕಲಿತಿದ್ರಾ?

ಸುದ್ದಿ ಇಷ್ಟು. 2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಕೋಡಿಂಗ್ ಆರನೇ ಕ್ಲಾಸಿನ ಹಂತದಿಂದ ಅಂತ ಇತ್ತು. 2025ರ ಅಕ್ಟೋಬರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ 2026-27ರಿಂದ ಮೂರನೇ ಕ್ಲಾಸಿಂದಾನೇ ಎಐ ಮತ್ತು ಕಂಪ್ಯೂಟೇಶನಲ್ ಥಿಂಕಿಂಗ್ (ಸಮಸ್ಯೇನ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಯೋಚಿಸೋದು) ತರ್ತೀವಿ ಅಂತು. ಪೇಪರವರು ಎಐ ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕಿದ್ರು, ಪಕ್ಕದಲ್ಲಿರೋ ಇನ್ನೊಂದನ್ನ ಯಾರೂ ನೋಡ್ಲಿಲ್ಲ, ಚಿಕ್ಕ ಮಕ್ಕಳಿಗೆ ಬೇಕಾಗಿರೋದೇ ಅದು. ಅದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ. ಜಪಾನಲ್ಲಿ 2020ರಿಂದ ಪ್ರೈಮರೀಲಿ ಪ್ರೋಗ್ರಾಮಿಂಗ್ ಕಡ್ಡಾಯ, ಆದ್ರೆ ಅದಕ್ಕೇ ಅಂತ ಬೇರೆ ಸಬ್ಜೆಕ್ಟ್ ಇಲ್ಲ, ಗಣಿತ ವಿಜ್ಞಾನದ ಒಳಗೇ ಸೇರಿಸಿದಾರೆ. ಇಂಗ್ಲೆಂಡಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೂ ಅಲ್ಗಾರಿದಮ್ ಅಂದ್ರೇನು ಅಂತ ಹೇಳ್ಕೊಡ್ತಾರೆ, ಅಂದ್ರೆ ಒಂದು ಕೆಲಸಾನ ಬಿಡಿಸಿ ಬಿಡಿಸಿ ಕ್ರಮವಾಗಿ ಹೇಳೋದು, ಅಷ್ಟೇ.

ಅದನ್ನ ಮನೇಲಿ ಮಾಡ್ಸೋ ಒಂದು ದಾರಿ ಹೇಳ್ತೀನಿ, ಫೀಸ್ ಇಲ್ಲ. ಅಜ್ಜಿ ಇದ್ರೆ ಇನ್ನೂ ಒಳ್ಳೇದು. ಚುಕ್ಕಿ ರಂಗೋಲಿ, ಸಂದು ಚುಕ್ಕಿ, 7ರಿಂದ 4. ಅಜ್ಜಿ ಪೆನ್ಸಿಲ್ ಹಿಡ್ಕೊಂಡು ಹಾಳೆ ಮೇಲೆ ಹಾಕ್ಬೇಕು, ಮೊಮ್ಮಗ ಬೆನ್ನು ತಿರುಗಿಸಿ ಕೂತು ಬರೀ ಬಾಯಲ್ಲಿ ಹೇಳ್ಬೇಕು. ಅಜ್ಜಿಗೆ ಗೊತ್ತಿದ್ರೂ ಗೊತ್ತಿಲ್ಲದವರ ಹಾಗೆ ಹೇಳಿದ್ದಷ್ಟೇ ಮಾಡ್ಬೇಕು. ಮೊದಲ ಸಲ "ಏಳು ಚುಕ್ಕಿ ಹಾಕಜ್ಜಿ" ಅಂತಾನೆ, ಅಜ್ಜಿ ಎಲ್ಲೆಲ್ಲೋ ಏಳು ಚುಕ್ಕಿ ಹಾಕ್ತಾರೆ. ತಿರುಗಿ ನೋಡಿ ಕಿರುಚ್ತಾನೆ. ಆಮೇಲೆ "ನಡುವೆ ಒಂದು ಸಾಲಲ್ಲಿ ಸಮ ಅಂತರದಲ್ಲಿ ಏಳು" ಅನ್ನೋಕೆ ಕಲೀತಾನೆ. ಆಮೇಲೆ "ಮೇಲಿನ ಸಾಲಲ್ಲಿ ಸಂದುಗಳಿಗೆ ಎದುರಾಗಿ ಆರು, ಹೀಗೇ ಒಂದೊಂದು ಕಮ್ಮಿ ಮಾಡ್ತಾ ನಾಲ್ಕು ಬರೋ ತನಕ" ಅಂತಾನಲ್ಲ, ಅಲ್ಲಿಗೆ ಲೂಪ್ ಬಂತು, ಅಂದ್ರೆ ಒಂದೇ ಹೆಜ್ಜೇನ ಮತ್ತೆ ಮತ್ತೆ ಮಾಡ್ಸೋದು. "ಕೆಳಗೂ ಹಾಗೇ" ಅಂದ್ರೆ ಬರೆದಿದ್ದನ್ನ ಇನ್ನೊಂದು ಕಡೆ ಬಳಸ್ಕೊಂಡ. ಒಟ್ಟು ಎಷ್ಟು ಚುಕ್ಕಿ ಆಗುತ್ತೆ ಅಂತ ಹಾಕೋ ಮುಂಚೇನೇ ಲೆಕ್ಕ ಹಾಕ್ಸಿ, 37 ಬರ್ಬೇಕು. ಬರ್ಲಿಲ್ಲ ಅಂದ್ರೆ ಎಲ್ಲಿ ತಪ್ಪಿತು ಅಂತ ಹುಡುಕೋದು ಡೀಬಗ್ಗಿಂಗು, ನಿಮಗೆ ಅದರ ಕಷ್ಟ ನಾನು ಹೇಳ್ಬೇಕಾಗಿಲ್ಲ. ಇನ್ನೊಂದೆರಡು ವರ್ಷ ಆದ್ಮೇಲೆ ಅವನಿಗೇ ಆಸೆ ಬಂದ್ರೆ ಸ್ಕ್ರ್ಯಾಚ್ ಇದೆ, ಮಕ್ಕಳು ಬ್ಲಾಕ್ ಜೋಡಿಸಿ ಕೋಡಿಂಗ್ ಮಾಡೋದು, ಎಂಐಟಿಯವರು 2007ರಲ್ಲಿ ಬಿಟ್ಟಿದ್ದು, ಫ್ರೀ. ಆ ಫೀಸ್ ದುಡ್ಡಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಕರ್ಕೊಂಡು ಹೋಗಿ ಸಣ್ಣ ಮೋಟರು, ಎಲ್‌ಇಡಿ, ಬ್ಯಾಟರಿ ಬಾಕ್ಸು, ವೈರು ತೆಗೆದುಕೊಡಿ, ಮಿಕ್ಕಿದ ದುಡ್ಡಲ್ಲಿ ಇಡೀ ಮನೆಯವರು ದೋಸೆ ತಿನ್ನಬಹುದು.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ಹೊಸದು ಸೇರಿಸ್ತಾರೆ ಸೇರಿಸ್ತಾರೆ, ತೆಗೆಯೋದು ಮಾತ್ರ ಇಲ್ಲ. ಪೋರ್ಷನ್ ಮುಗಿಸ್ಬೇಕು, ಹಾಲು ಮೊಟ್ಟೆ ಲೆಕ್ಕ ಬರೀಬೇಕು, ಸ್ಯಾಟ್ಸಲ್ಲಿ (ಮಕ್ಕಳ ವಿವರ ತುಂಬೋ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಮಾಡ್ಬೇಕು, ಮತದಾರರ ಪಟ್ಟಿ ನೋಡ್ಕೊಳೋ ಬಿಎಲ್‌ಓ ಡ್ಯೂಟಿ ಬೇರೆ. ಪ್ರಯೋಗ ಮಾಡ್ಸಿ ಅಂತ ಟ್ರೈನಿಂಗಲ್ಲಿ ಹೇಳ್ತಾರೆ, ಯಾವಾಗ ಮಾಡ್ಸೋದು? ನಿಮ್ ಕೈಲಿ ಅಧಿಕಾರ ಇದ್ರೆ ಏನು ತೆಗೀತಿದ್ರಿ?
— ಒಬ್ಬ ಶಿಕ್ಷಕಿ, ಆನೇಕಲ್

ಉತ್ತರ: ಮೇಡಂ, ಅಧಿಕಾರ ಇಲ್ದೇ ಇರೋದ್ರಿಂದ ಧಾರಾಳವಾಗಿ ತೆಗೀತೀನಿ. ಮೊದಲು ಹೋಗ್ಬೇಕಾಗಿದ್ದು ಎಣಿಕೆ ಬಾಯಿಪಾಠಗಳು. ಯಾವ ಗ್ರಹಕ್ಕೆ ಎಷ್ಟು ಚಂದ್ರ ಅನ್ನೋದು. 2025ರ ಮಾರ್ಚಲ್ಲಿ ಶನಿಗೆ ಒಂದೇ ಸಲ 128 ಹೊಸ ಚಂದ್ರಗಳು ಸೇರಿ ಒಟ್ಟು 274 ಆಯ್ತು, ಮಕ್ಕಳು ಹಿಂದಿನ ರಾತ್ರಿ ಓದಿದ್ದು ಬೆಳಗ್ಗೆ ತಪ್ಪು. ಪ್ಲೂಟೋ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೋಯ್ತು, ಆದ್ರೂ ಒಂಬತ್ತು ಅನ್ನೋ ಅಪ್ಪಂದಿರು ಇನ್ನೂ ಇದಾರೆ. ಎಷ್ಟು ಅನ್ನೋದಕ್ಕಿಂತ ಯಾಕೆ ತೆಗೆದ್ರು, ಗ್ರಹ ಅನ್ನಿಸ್ಕೊಳ್ಳೋಕೆ ಏನಿರ್ಬೇಕು ಅಂತ ಒಂದು ಪೀರಿಯಡ್ ಮಾತಾಡಿದ್ರೆ ಅದು ವಿಜ್ಞಾನ. ಇನ್‌ಪುಟ್ ಸಾಧನ ಔಟ್‌ಪುಟ್ ಸಾಧನ ಅಂತ ಪಟ್ಟಿ ಬರೆಸೋದು, ಫ್ಲಾಪಿ ಚಿತ್ರ ಬಿಡಿಸಿ ಭಾಗ ಗುರುತಿಸೋದು, ಇವೂ ಹೋಗ್ಲಿ. ಮಕ್ಕಳು ಮನೇಲಿ ಮೊಬೈಲ್ ಮುಟ್ಟಿ ಮಾತಾಡಿಸ್ತಾರೆ, ಸ್ಕ್ರೀನು ಇನ್‌ಪುಟ್ಟಾ ಔಟ್‌ಪುಟ್ಟಾ ಅಂತ ಕೇಳಿದ್ರೆ ನಾವೇ ತಡವರಿಸ್ತೀವಿ.

ಆದ್ರೆ ಭಾರ ಇಳಿಸ್ತೀವಿ ಅಂತ ಸಿಕ್ಕಿದ್ದನ್ನ ಕತ್ತರಿಸೋದು ಬೇರೆ ಅಪಾಯ. ಕೇಂದ್ರದ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯವರು ಕೋವಿಡ್ ಆದ್ಮೇಲೆ ಪಾಠ ಕಮ್ಮಿ ಮಾಡೋ ಹೆಸರಲ್ಲಿ ಹತ್ತನೇ ಕ್ಲಾಸಿಂದ ಜೀವವಿಕಾಸ, ಆವರ್ತ ಕೋಷ್ಟಕ ತೆಗೆದ್ರು, 2023ರಲ್ಲಿ ವಿಕಾಸದ ಪಾಠ ವಾಪಸ್ ತನ್ನಿ ಅಂತ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪತ್ರ ಬರೆದ್ರು. ಒಂದು ಪಾಠದ ಮೇಲೆ ಹತ್ತು ಪಾಠ ನಿಂತಿರುತ್ತೆ, ಅಂಥದ್ದನ್ನ ಮುಟ್ಟಬಾರ್ದು.

ಸೇರಿಸೋದು ಅಂದ್ರೆ ನಾನು ಊರನ್ನ ಸೇರಿಸ್ತೀನಿ. ಬೆಂಗಳೂರಿನ ಯಾವ ಮಗುಗಾದ್ರೂ ಕೇಳಿ, ಕಾವೇರಿ ನೀರು ಹೇಗೆ ಬರುತ್ತೆ ಅಂತ, ಪೈಪಲ್ಲಿ ಅಂತಾವೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹತ್ತಿರಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರ್ಬೇಕು. ಅಷ್ಟು ಎತ್ತರಕ್ಕೆ ಒಂದು ಬಕೆಟ್ ನೀರು ಹೊತ್ಕೊಂಡು ಹತ್ತಿದ್ರೆ ಎಷ್ಟು ಸುಸ್ತಾಗುತ್ತೆ, ಪಂಪಿಗೆ ಎಷ್ಟು ಕರೆಂಟು ಬೇಕು, ಬಿಲ್ ಯಾರು ಕಟ್ತಾರೆ? ಶಕ್ತಿ, ಒತ್ತಡ, ಎತ್ತರ ಎಲ್ಲಾ ಅದರಲ್ಲೇ ಬಂತು. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದಿದ್ದು ನಿಮ್ ಕಡೆ ಮಕ್ಕಳಿಗೆ ಚೆನ್ನಾಗೇ ನೆನಪಿರುತ್ತೆ, ಅಂತರ್ಜಲದ ಪಾಠಕ್ಕೆ ಬೇರೆ ಪೀಠಿಕೆ ಬೇಕಾ.

ಟೈಮ್ ಎಲ್ಲಿಂದ ತರೋದು ಅನ್ನೋದೇ ನಿಮ್ ನಿಜವಾದ ಪ್ರಶ್ನೆ, ಗೊತ್ತು. ಮಧ್ಯಪ್ರದೇಶದ ಹೋಶಂಗಾಬಾದಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಒಂದು ಕೆಲಸ ಶುರುವಾಯ್ತು, ಮಕ್ಕಳೇ ಪ್ರಯೋಗ ಮಾಡಿ ಕಲಿಯೋದು, ಆಮೇಲೆ ಜಿಲ್ಲೆಗೆಲ್ಲ ಹಬ್ಬಿತು. ಎಲ್ರೂ ಅದರ ಪ್ರಯೋಗದ ಸಾಮಾನಿನ ಕಿಟ್ ಬಗ್ಗೆ ಹೇಳ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಪರೀಕ್ಷೆ, ಅಲ್ಲಿ ಪುಸ್ತಕ ತೆರೆದಿಟ್ಕೊಂಡು ಬರೀಬಹುದಿತ್ತು, ಕೈಯಲ್ಲಿ ಮಾಡಿ ತೋರ್ಸೋ ಪರೀಕ್ಷೇನೂ ಇತ್ತು. ಹಾಗಾಗಿ ಪ್ರಯೋಗ ಮಾಡ್ಸೋದು ಎಕ್ಸ್‌ಟ್ರಾ ಕೆಲಸ ಆಗ್ಲಿಲ್ಲ, ಅದೇ ಪೋರ್ಷನ್ ಆಯ್ತು. 2002ರಲ್ಲಿ ಸರ್ಕಾರ ಅದನ್ನ ನಿಲ್ಲಿಸ್ತು, ಅದು ಬೇರೆ ಕಥೆ. ನಮ್ಮಲ್ಲೂ ಚಟುವಟಿಕೆ ಮೂಲಕ ಕಲಿಸೋ ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆ ಶಿಕ್ಷಕರ ಕೈಯಿಂದ ಎದ್ದು ಬಂದಿದ್ದೇ, ಮೇಲಿಂದ ಇಳಿದಿದ್ದಲ್ಲ. ನಿಮ್ ಎಫ್‌ಎ (ವರ್ಷದ ನಡುವೆ ಕ್ಲಾಸಲ್ಲೇ ಮಾಡೋ ಮೌಲ್ಯಮಾಪನ) ಪ್ರಶ್ನೆಗಳು ನಿಮ್ ಕೈಲೇ ಇರುತ್ತಲ್ವಾ ಮೇಡಂ, ಮುಂದಿನ ಸಲ ಅದ್ರಲ್ಲಿ ಒಂದೇ ಒಂದು ಪ್ರಶ್ನೆ "ನೀನು ಅಳೆದಿದ್ದು ಎಷ್ಟು, ಹೇಗೆ ಅಳೆದೆ, ಪಕ್ಕದವಳಿಗೆ ಬೇರೆ ಬಂದಿದ್ರೆ ಯಾಕಿರಬಹುದು" ಅಂತ ಹಾಕಿ ನೋಡಿ. ಅದಕ್ಕೆ ಗೈಡಲ್ಲಿ ಉತ್ತರ ಸಿಗಲ್ಲ. ಬಿಎಲ್‌ಓ ಡ್ಯೂಟಿಗೆ ಮಾತ್ರ ನನ್ ಹತ್ರ ಔಷಧಿ ಇಲ್ಲ.

ಪ್ರಶ್ನೆ: ಬೇಸಿಗೆ ರಜೇಲಿ ಮಕ್ಕಳನ್ನ ಮಾಲ್ ಬಿಟ್ಟು ಬೇರೆ ಎಲ್ಲಿಗೆ ಕರ್ಕೊಂಡು ಹೋಗ್ಲಿ?
— ವಿಜಯನಗರ

ಉತ್ತರ: ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಹೈಗ್ರೌಂಡ್ಸ್ ಹತ್ರ ತಾರಾಲಯ (ಕನ್ನಡ ಶೋ ಟೈಮ್ ಕೇಳ್ಕೊಂಡು ಹೋಗಿ), ಹೆಬ್ಬಾಳದ ಕಡೆ 2024ರಲ್ಲಿ ಶುರುವಾದ ಸೈನ್ಸ್ ಗ್ಯಾಲರಿ, ಇದು ಸ್ವಲ್ಪ ದೊಡ್ಡ ಮಕ್ಕಳಿಗೆ. ಮ್ಯೂಸಿಯಮ್ಮಲ್ಲಿ ಎಲ್ಲಾ ಫ್ಲೋರೂ ಓಡ್ಸಿ ಮುಗಿಸ್ಬೇಡಿ, ಮಗು ಒಂದೇ ಮೆಷಿನ್ ಮುಂದೆ ಅರ್ಧ ಗಂಟೆ ನಿಂತ್ರೆ ನಿಲ್ಲಲಿ, ನೀವು ಕಾಫಿ ಕುಡೀರಿ. ಐಐಎಸ್‌ಸಿ ಓಪನ್ ಡೇ ವರ್ಷಕ್ಕೊಂದು ಸಲ ಬರುತ್ತೆ, ರಷ್ಷು ತಡ್ಕೊಳೋ ಶಕ್ತಿ ಇದ್ರೆ ಹೋಗಿ.

ಪ್ರಶ್ನೆ: ಟೊರೊಂಟೋದಲ್ಲಿರೋ ನಮ್ ಅಕ್ಕ, ಅಲ್ಲಿ ಒಂದನೇ ಕ್ಲಾಸಿಂದಾನೇ ಕೋಡಿಂಗು, ಅಡುಗೆ, ರಿಪೇರಿ ಎಲ್ಲಾ ಸೈನ್ಸ್ ಸಿಲಬಸಲ್ಲೇ ಇದೆ ಅಂತ ಫೋನ್ ಮಾಡ್ದಾಗೆಲ್ಲ ಹೇಳ್ತಾಳೆ. ನಾವು ಅಷ್ಟು ಹಿಂದೆ ಇದೀವಾ?
— ಮಲ್ಲೇಶ್ವರಂ

ಉತ್ತರ: ಅಕ್ಕ ಹೇಳಿದ್ದು ನಿಜಾನೇ. ಕೆನಡಾದಲ್ಲಿ ಸ್ಕೂಲ್ ಪಾಠ ಆಯಾ ಪ್ರಾಂತ್ಯದ ಕೈಲಿರುತ್ತೆ, ಟೊರೊಂಟೋ ಇರೋ ಒಂಟಾರಿಯೋದಲ್ಲಿ 2022ರಲ್ಲಿ ಒಂದರಿಂದ ಎಂಟನೇ ಕ್ಲಾಸಿನ ವಿಜ್ಞಾನ-ತಂತ್ರಜ್ಞಾನ ಪಠ್ಯ ಬದಲಾಯ್ತು. ಕೋಡಿಂಗು, ಊಟ ಎಲ್ಲಿಂದ ಬರುತ್ತೆ ಅನ್ನೋದು, ಎಲೆಕ್ಟ್ರಿಷಿಯನ್ನು ಪ್ಲಂಬರ್ ಥರದ ಕಸುಬುಗಳಿಗೂ ವಿಜ್ಞಾನಕ್ಕೂ ಇರೋ ಸಂಬಂಧ ಎಲ್ಲಾ ಬಂತು. ಆದ್ರೆ ಅಕ್ಕನಿಗೆ ಒಂದು ಮಾತು ಕೇಳಿ, ಅದಕ್ಕೂ ಮುಂಚೆ ಇದ್ದ ಪಠ್ಯ ಯಾವ ಕಾಲದ್ದು ಅಂತ. 2007ರದ್ದು, ಅಂದ್ರೆ 15 ವರ್ಷ ಅದನ್ನೇ ಓಡ್ಸಿದ್ರು. ನಮ್ಮಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆದ್ಮೇಲೆ ಮುಂದಿನದು ಬಂದಿದ್ದು 2023ರಲ್ಲಿ. ಇಬ್ರೂ ಸೋಮಾರಿಗಳೇ, ನಾವು ಮೂರು ವರ್ಷ ಜಾಸ್ತಿ. ಇನ್ನೊಂದು, ಅಲ್ಲಿ ಮಾರ್ಚಲ್ಲಿ ಪುಸ್ತಕದ ರೂಪುರೇಷೆ ಬಿಟ್ಟು ಸೆಪ್ಟೆಂಬರಿಂದ ಪಾಠ ಮಾಡಿ ಅಂದ್ರು, ಟೀಚರ್‌ಗಳಿಗೆ ಉಸಿರಾಡೋಕೂ ಟೈಮಿಲ್ಲ, ಆ ವಿಷಯದಲ್ಲಿ ಎಲ್ಲಾ ದೇಶದ ಇಲಾಖೆಗಳೂ ಒಂದೇ ಊರಿನವರು.

ಕಸುಬಿನ ವಿಷಯ ಮಾತ್ರ ನನಗೆ ಇಷ್ಟ ಆಯ್ತು, ಅದನ್ನ ನಾವು ಕಣ್ಣು ಮುಚ್ಕೊಂಡು ತಗೋಬಹುದು. ಪಂಕ್ಚರ್ ಅಂಗಡಿಯವರು ಟ್ಯೂಬನ್ನ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡ್ತಾರಲ್ಲ, ಗಾಳಿ ಜಾಗ ಆಕ್ರಮಿಸುತ್ತೆ ಅನ್ನೋ ಪಾಠಕ್ಕೆ ಅದಕ್ಕಿಂತ ಲ್ಯಾಬ್ ಬೇಕಾ? ಅವರನ್ನ ಒಂದು ಪೀರಿಯಡ್ ಸ್ಕೂಲಿಗೆ ಕರೆಸಿ, ಕುರ್ಚಿ ಹಾಕಿ, ಟೀ ಕೊಟ್ಟು, ಮಕ್ಕಳ ಕೈಲಿ ಪ್ರಶ್ನೆ ಕೇಳ್ಸಿ. ಅದಕ್ಕೆ ಯಾವ ಸಮಿತಿ ವರದೀನೂ ಬೇಕಿಲ್ಲ.

ಪ್ರಶ್ನೆ: ಅಂಕಲ್, ನಾನು ಐದನೇ ಕ್ಲಾಸು. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿ ಮೇಲೆ ಬರ್ತಾನೆ, ಆಗ ನೆರಳು ಇರಲ್ಲ ಅಂತ ಟ್ಯೂಷನಲ್ಲಿ ಬರೆಸಿದ್ರು. ನಾನು ಗ್ರೌಂಡಲ್ಲಿ ನೋಡ್ದೆ, ನೆರಳು ಇತ್ತು. ಯಾಕೆ?
— ಬಸವನಗುಡಿ

ಉತ್ತರ: ನೋಡಿದ್ದು ಒಳ್ಳೇದಾಯ್ತು ಪುಟ್ಟಾ. ಬೆಂಗಳೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರೋದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24ರ ಹೊತ್ತಿಗೆ ಒಂದು, ಆಗಸ್ಟ್ 18ರ ಹೊತ್ತಿಗೆ ಇನ್ನೊಂದು. ಮಿಕ್ಕ ದಿನ ನೆರಳು ಇದ್ದೇ ಇರುತ್ತೆ. ದೆಹಲಿ ಮಕ್ಕಳಿಗಂತೂ ವರ್ಷದಲ್ಲಿ ಒಂದು ದಿನಾನೂ ಇದು ಸಿಗಲ್ಲ, ಅವರ ಊರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ, ಗ್ಲೋಬಲ್ಲಿ ಹುಡುಕು. ಇನ್ನು 12 ಗಂಟೆ. ನಮ್ ಗಡಿಯಾರ ಓಡೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರೋದು 77.6ರಲ್ಲಿ. ಒಂದು ಡಿಗ್ರಿ ದಾಟೋಕೆ ಸೂರ್ಯನಿಗೆ 4 ನಿಮಿಷ, ಹಾಗಾದ್ರೆ ನಮ್ ಕಡೆ ಬರೋಕೆ ಎಷ್ಟು ಲೇಟು, ನೀನೇ ಗುಣಿಸು. ಏಪ್ರಿಲ್ 24ಕ್ಕೆ ಸುಮಾರು 12:18ಕ್ಕೆ, ಆಗಸ್ಟಲ್ಲಿ 12:24ಕ್ಕೆ ನೋಡ್ಬೇಕು. ಎರಡಕ್ಕೂ ಯಾಕೆ ವ್ಯತ್ಯಾಸ ಅಂತ ತಲೆ ಕೆಡಿಸ್ಕೋಬೇಡ, ಅದು ಹೈಸ್ಕೂಲಿಗೆ ಇರ್ಲಿ.

ಒಂದು ಅಡಿ ಪಿವಿಸಿ ಪೈಪ್ ತುಂಡು ತಗೊಂಡು ಮಟ್ಟ ಇರೋ ಜಾಗದಲ್ಲಿ ನೆಟ್ಟಗೆ ನಿಲ್ಲಿಸು, ಹನ್ನೆರಡಕ್ಕೇ ಶುರು ಮಾಡಿ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚಾಕ್‌ಪೀಸಲ್ಲಿ ಗುರುತು ಹಾಕು. ಸೂರ್ಯನ್ನ ನೇರ ನೋಡಬಾರ್ದು, ನೆಲ ನೋಡು ಸಾಕು. 24ಕ್ಕೆ ಮೋಡ ಬಂದ್ರೆ ಅಳಬೇಡ, ಹಿಂದಿನ ದಿನ ಮಾರನೇ ದಿನ ನೋಡಿದ್ರೂ ನಿನ್ ಪೈಪಿಗೆ ಎರಡು ಮಿಲಿಮೀಟರ್ ಕೂಡ ವ್ಯತ್ಯಾಸ ಬರಲ್ಲ. ಆಗಸ್ಟಲ್ಲಿ ಮಳೆ ಮೋಡದ ಕಾಟ ಜಾಸ್ತಿ, ಏಪ್ರಿಲ್ಲೇ ವಾಸಿ. ಗುರುತು ಹಾಕಿದ ನೆಲದ ಫೋಟೋ, ಟೈಮ್ ಬರೆದ ಹಾಳೆ ಎರಡೂ ನಮಗೆ ಕಳ್ಸು, ಟ್ಯೂಷನ್ ಮಿಸ್‌ಗೂ ಒಂದು ಕಾಪಿ ಕೊಡು.